ಗಲಾಟೆಗೆ ಮೊದಲಿನ ಆ ಒಂದು ನಿಮಿಷ: ಎಡಿಎಚ್‌ಡಿ ಇರುವ ಮಗುವಿನ ಶ್ಯಾಡೋ ಟೀಚರ್‌ಗಳಿಗೆ

ಒಂದು ಮಗು ಪಾಠದ ಮಧ್ಯೆ ಎದ್ದು ಓಡುತ್ತದೆ. ಪಕ್ಕದವರ ಪೆನ್ಸಿಲ್ ಕಿತ್ತುಕೊಳ್ಳುತ್ತದೆ. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತದೆ. "ನೀವು ಇವನ ಜೊತೆ ಇರಿ" ಅಂತ ಶಾಲೆಯವರು ನಿಮ್ಮನ್ನು ಅಲ್ಲಿ ಕೂರಿಸಿದ್ದಾರೆ. ಜೊತೆಗಿದ್ದು ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಲ್ಲ. ಬಹಳಷ್ಟು ಕಡೆ ಹೀಗೇ ಆಗುತ್ತದೆ. ಈ ಬರಹ ಅಂಥವರಿಗೆ, ಅಂದರೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಓಡಾಟ, ದುಡುಕು ಕಾಣುವ ಬೆಳವಣಿಗೆಯ ತೊಂದರೆ) ಇರುವ ಒಂದು ಮಗುವಿನ ಜೊತೆ ಕ್ಲಾಸಿನಲ್ಲೇ ಇದ್ದು ನೆರವಾಗುವ ಶ್ಯಾಡೋ ಟೀಚರ್‌ಗಳಿಗೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ರಂಪ ಶುರುವಾದ ಮೇಲೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಅದು ಶುರುವಾಗುವ ಮೊದಲು ಮಾಡಬಹುದಾದ್ದು ಬೇಕಾದಷ್ಟಿದೆ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ "ಮೊದಲು" ಮಾಡುವ ಕೆಲಸಗಳೇ.

ಶುರು ಮಾಡುವ ಮೊದಲು ಇಷ್ಟು ಗೊತ್ತಿರಲಿ

ಈ ಮಗುವಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ಕೇಳಿ ನೋಡಿ, "ಪಾಠ ಮಾಡುವಾಗ ಓಡಬಾರದು" ಅಂತ ಅದೇ ನಿಮಗೆ ಹೇಳುತ್ತದೆ. ಹೇಳಿ ಎರಡು ನಿಮಿಷಕ್ಕೆ ಓಡುತ್ತದೆ. ಗೊತ್ತಿರುವುದನ್ನು ಬೇಕಾದ ಗಳಿಗೆಯಲ್ಲಿ ಮಾಡಲು ಆಗದೇ ಇರುವುದೇ ಇಲ್ಲಿನ ಕಷ್ಟ. ತನ್ನನ್ನು ತಾನು ತಡೆದುಕೊಳ್ಳುವುದು, ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು, ಸರದಿಗೆ ಕಾಯುವುದು, ಇವೆಲ್ಲ ಈ ಮಕ್ಕಳಲ್ಲಿ ತಡವಾಗಿ ಬಲಿಯುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರದ ಅರ್ಧದಷ್ಟು ಜಾಗ ಅತಿ ಹೆಚ್ಚು ದಪ್ಪ ಮುಟ್ಟುವುದು ಬೇರೆ ಮಕ್ಕಳಲ್ಲಿ ಸುಮಾರು 7.5 ವರ್ಷಕ್ಕೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು 10.5 ವರ್ಷಕ್ಕೆ. ಬೆಳವಣಿಗೆಯ ಕ್ರಮ ಒಂದೇ, ವೇಗ ಬೇರೆ.

ಮನಃಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದಕ್ಕೊಂದು ಅಂದಾಜಿನ ಲೆಕ್ಕ ಕೊಡುತ್ತಾರೆ. ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವ ವಿಷಯದಲ್ಲಿ ಈ ಮಕ್ಕಳು ತಮ್ಮ ವಯಸ್ಸಿಗಿಂತ ಸುಮಾರು ಶೇ 30ರಷ್ಟು ಹಿಂದಿರುತ್ತಾರೆ. ಅಂದರೆ ಆರು ವರ್ಷದ ಹುಡುಗನಿಂದ ನಾಲ್ಕು ವರ್ಷದವನ ತಾಳ್ಮೆಯನ್ನಷ್ಟೇ ನಿರೀಕ್ಷಿಸಿ. ಇದು ಕರಾರುವಾಕ್ಕಾದ ಅಳತೆಯಲ್ಲ, ನಿಜ. ಆದರೆ ಸಿಟ್ಟು ನೆತ್ತಿಗೇರುವಾಗ ಈ ಲೆಕ್ಕ ನೆನಪಾದರೆ ನಿಮ್ಮ ದನಿ ತಾನಾಗಿ ಇಳಿಯುತ್ತದೆ.

ಇನ್ನೊಂದು ಮಾತು. ಸಕ್ಕರೆ ತಿಂದಿದ್ದಕ್ಕೇ ಹೀಗೆ ಕುಣಿಯುತ್ತಾನೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದಾರೆ, ಮಕ್ಕಳ ನಡವಳಿಕೆ ಸಕ್ಕರೆಯಿಂದ ಬದಲಾಗುವುದು ಕಂಡುಬಂದಿಲ್ಲ. ಆ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಹಾಗೆಯೇ, ಮಗುವಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದೂ ನಿಮ್ಮ ಕೆಲಸವಲ್ಲ. ವೈದ್ಯರು ಅದನ್ನು ಹೇಳಬೇಕಾದರೆ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಬರೀ ಕ್ಲಾಸಿನಲ್ಲಿ, ಅದೂ ಒಬ್ಬರ ಪಿರಿಯಡ್‌ನಲ್ಲಿ ಮಾತ್ರ ಗಲಾಟೆ ಆದರೆ ಅಲ್ಲಿ ಬೇರೇನೋ ಇದೆ ಅಂತಲೇ ಅರ್ಥ.

ಹಂತ 1: ಸುಮ್ನೆ ನೋಡಿ, ಬರೆದಿಡಿ

ಮೊದಲ ಕೆಲವು ದಿನ ಸರಿಪಡಿಸಲು ಹೋಗಬೇಡಿ. ಅಪಾಯ ಇಲ್ಲದ ತನಕ ನೋಡುತ್ತಾ ಇರಿ. ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆದುಕೊಳ್ಳಿ: ಅದಕ್ಕೆ ಮೊದಲು ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಪಕ್ಕದಲ್ಲಿ ಸಮಯ. "ತುಂಬಾ ಹಠ ಮಾಡಿದ" ಅಂತ ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. "ಪುಸ್ತಕ ನೆಲಕ್ಕೆ ಎಸೆದ, ಬೆಂಚಿನ ಕೆಳಗೆ ನುಗ್ಗಿದ" ಅಂತ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ.

ಒಂದು ಉದಾಹರಣೆ ನೋಡೋಣ. ಬೆಳಿಗ್ಗೆ 10:20. ಬೋರ್ಡ್ ಮೇಲಿನ ಆರು ಸಾಲು ನೋಡಿ ಬರೆಯಬೇಕು. ಹುಡುಗ ಎರಡು ಅಕ್ಷರ ಬರೆದ. ಮೂರನೆಯದು ಸೊಟ್ಟಗಾಯಿತು. ರಬ್ಬರ್‌ನಲ್ಲಿ ಉಜ್ಜಿದ, ಇನ್ನೂ ಗಟ್ಟಿಯಾಗಿ ಉಜ್ಜಿದ, ಹಾಳೆ ಹರಿಯಿತು. ಪೆನ್ಸಿಲ್ ಎಸೆದ, ಅದು ಮುಂದಿನ ಹುಡುಗಿಗೆ ತಾಗಿತು. ಅವಳು ಕಿರುಚಿದಳು. ಟೀಚರ್ ಅವನನ್ನು ಹೊರಗೆ ನಿಲ್ಲಿಸಿದರು. ಈಗ ಮೂರನೇ ಕಾಲಂ ನೋಡಿ. ಹೊರಗೆ ನಿಂತ ಹುಡುಗನಿಗೆ ಆ ಆರು ಸಾಲು ಬರೆಯುವುದು ತಪ್ಪಿತು. ಶಿಕ್ಷೆ ಅಂತ ಕೊಟ್ಟದ್ದು ಅವನಿಗೆ ಬಿಡುಗಡೆ. ನಾಳೆ 10:20ಕ್ಕೆ ಪೆನ್ಸಿಲ್ ಮತ್ತೆ ಹಾರುತ್ತದೆ.

ಇನ್ನೊಂದು ಮಗುವೂ ಅದೇ ಹೊತ್ತಿಗೆ ಪೆನ್ಸಿಲ್ ಎಸೆಯುತ್ತದೆ. ಆದರೆ ಎಸೆದ ಕೂಡಲೇ ಸುತ್ತ ನೋಡುತ್ತದೆ, ಯಾರು ನಗುತ್ತಿದ್ದಾರೆ ಅಂತ. ಇದಕ್ಕೆ ಬೇಕಾದ್ದು ಜನ. ಎರಡೂ ಕಡೆ ಎಸೆದದ್ದು ಪೆನ್ಸಿಲ್ಲೇ, ಆದರೆ ಮದ್ದು ತದ್ವಿರುದ್ಧ. ಮೊದಲನೆಯವನಿಗೆ ಕೆಲಸ ಸಣ್ಣದಾಗಬೇಕು. ಎರಡನೆಯವನಿಗೆ ಎಸೆಯದೇ ಇದ್ದಾಗ ಗಮನ ಸಿಗಬೇಕು.

ಸಾಮಾನ್ಯವಾಗಿ ಕಾರಣ ನಾಲ್ಕರಲ್ಲಿ ಒಂದಿರುತ್ತದೆ: ಕೆಲಸದಿಂದ ತಪ್ಪಿಸಿಕೊಳ್ಳಲು, ಗಮನ ಸೆಳೆಯಲು, ಬೇಕಾದ ವಸ್ತು ಪಡೆಯಲು, ಇಲ್ಲವೇ ಮೈಗೆ ಚಲನೆ ಬೇಕಾಗಿ. ನೋಟ್‌ಬುಕ್ ತುಂಬಿದ ಹಾಗೆ ಯಾವುದು ಅಂತ ಕಾಣತೊಡಗುತ್ತದೆ. ಜೊತೆಗೆ ಸುಲಭದ ಸಂಗತಿಗಳನ್ನೂ ಗಮನಿಸಿ. ಹಸಿವಾಗಿದೆಯೇ, ರಾತ್ರಿ ನಿದ್ದೆ ಆಗಿದೆಯೇ, ಬೋರ್ಡ್ ಸರಿಯಾಗಿ ಕಾಣುತ್ತಿದೆಯೇ. ಎಡಿಎಚ್‌ಡಿ ಜೊತೆಗೆ ಓದುವ, ಬರೆಯುವ ತೊಂದರೆ ಇರುವುದೂ ಸಾಮಾನ್ಯ. ಬರೆಯುವ ಹೊತ್ತಿಗೇ ಪ್ರತಿಸಲ ರಂಪ ಆದರೆ ಟೀಚರ್‌ಗೆ ತಿಳಿಸಿ.

ಹಂತ 2: ಟೀಚರ್ ಜೊತೆ ಮೊದಲೇ ಮಾತಾಡಿಕೊಳ್ಳಿ

ಮಗುವಿನ ಎದುರಿಗೆ ನೀವೊಂದು ಹೇಳಿ ಟೀಚರ್ ಇನ್ನೊಂದು ಹೇಳಿದರೆ ಕಥೆ ಮುಗಿಯಿತು. ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ ಕೂತು ಮೂರು ಪಟ್ಟಿ ಮಾಡಿಕೊಳ್ಳಿ. ತಕ್ಷಣ ತಡೆಯಬೇಕಾದ್ದು ಯಾವುದು: ಹೊಡೆಯುವುದು, ಕ್ಲಾಸಿನಿಂದ ಹೊರಗೆ ಓಡುವುದು. ಕಲಿಸಬೇಕಾದ್ದು ಯಾವುದು: ಕೈ ಎತ್ತಿ ಮಾತಾಡುವುದು ಅನ್ನಿ, ಒಂದು ಸಲಕ್ಕೆ ಒಂದೋ ಎರಡೋ, ಜಾಸ್ತಿ ಬೇಡ. ನೋಡಿಯೂ ನೋಡದ ಹಾಗೆ ಇರಬೇಕಾದ್ದು ಯಾವುದು: ಕಾಲು ಅಲ್ಲಾಡಿಸುವುದು, ಗುನುಗುವುದು, ನಿಂತುಕೊಂಡು ಬರೆಯುವುದು.

ನನ್ನ ಪ್ರಕಾರ ಮೂರನೇ ಪಟ್ಟಿಯೇ ಮುಖ್ಯ. ಅದು ಉದ್ದ ಇದ್ದಷ್ಟೂ ಕ್ಲಾಸು ಸಲೀಸು. ಮೈ ಅಲ್ಲಾಡುತ್ತಿದ್ದರೆ ಈ ಮಕ್ಕಳಲ್ಲಿ ಹಲವರಿಗೆ ತಲೆ ಓಡುತ್ತದೆ. ನೆಟ್ಟಗೆ ಕೂರಿಸಿದರೆ ಕೂರುವುದಕ್ಕೇ ಶಕ್ತಿಯೆಲ್ಲ ಖರ್ಚಾಗಿ ಪಾಠ ತಲೆಗೆ ಹೋಗುವುದಿಲ್ಲ.

ಮಾತಿಲ್ಲದ ಸನ್ನೆಗಳನ್ನೂ ಗೊತ್ತು ಮಾಡಿಕೊಳ್ಳಿ. "ಇವನನ್ನು ಹೊರಗೆ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ" ಅನ್ನಲು ನಿಮ್ಮದೊಂದು ಸನ್ನೆ, "ಬೇಡ, ನಾನು ನೋಡಿಕೊಳ್ಳುತ್ತೇನೆ" ಅನ್ನಲು ಟೀಚರ್‌ದೊಂದು. ಇಡೀ ಕ್ಲಾಸಿನ ಮುಂದೆ ಮಗುವಿನ ಬಗ್ಗೆ ಚರ್ಚೆ ನಡೆಯುವುದು ಇದರಿಂದ ತಪ್ಪುತ್ತದೆ.

ಹಂತ 3: ಜಾಗ ಮತ್ತು ದಿನಚರಿ

ಇದಕ್ಕೆ ಹೆಚ್ಚು ವಿವರಣೆ ಬೇಡ. ಟೀಚರ್‌ಗೆ ಹತ್ತಿರ, ಬಾಗಿಲು ಕಿಟಕಿಯಿಂದ ದೂರ, ಶಾಂತ ಸ್ವಭಾವದ ಮಕ್ಕಳ ಪಕ್ಕ ಕೂರಿಸಿ. ಒಂಟಿಯಾಗಿ ಮೂಲೆಗೆ ತಳ್ಳಬೇಡಿ. ಸಾಧ್ಯವಾದರೆ ಎರಡು ಜಾಗ ಕೊಡಿ, ಕೂರಲು ಒಂದು, ನಿಂತು ಬರೆಯಲು ಹಿಂದೆ ಒಂದು. ಎರಡರ ಮಧ್ಯೆ ಓಡಾಡುವುದಕ್ಕೆ ಅನುಮತಿ ಕೇಳಬೇಕಾಗಿಲ್ಲ.

ಇಡೀ ದಿನ ಏನೇನಿದೆ ಅಂತ ಚಿತ್ರದ ಪಟ್ಟಿ ಮಾಡಿ ಬೆಂಚಿನ ಮೇಲೆ ಅಂಟಿಸಿ. ಒಂದೊಂದು ಮುಗಿದ ಹಾಗೆ ಮಗುವೇ ಗುರುತು ಹಾಕಲಿ. ಸಮಯ ಅನ್ನುವುದು ಈ ಮಕ್ಕಳಿಗೆ ಕಣ್ಣಿಗೆ ಕಾಣಬೇಕು. "ಇನ್ನು ಹತ್ತು ನಿಮಿಷ" ಅಂದರೆ ಅವರಿಗೆ ಏನೂ ಅಲ್ಲ. ಮರಳು ಗಡಿಯಾರವೋ, ಬಣ್ಣ ಕಡಿಮೆಯಾಗುತ್ತಾ ಹೋಗುವ ಟೈಮರೋ ಇಟ್ಟರೆ ಅರ್ಥವಾಗುತ್ತದೆ.

ಗಲಾಟೆ ಜಾಸ್ತಿ ಆಗುವುದು ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ. ಚಿತ್ರ ಬಿಡಿಸುವುದರಲ್ಲಿ ಮುಳುಗಿರುವ ಮಗುವಿನ ಕೈಯಿಂದ ಕ್ರಯಾನ್ ಕಸಿದು "ಗಣಿತ ಪುಸ್ತಕ ತೆಗಿ" ಅಂದರೆ ರಂಪ ಆಗದೇ ಇರುತ್ತದೆಯೇ? ಐದು ನಿಮಿಷ ಮೊದಲು ಒಂದು ಸಲ ಹೇಳಿ. ಒಂದು ನಿಮಿಷ ಇದ್ದಾಗ ಹತ್ತಿರ ಹೋಗಿ ಮತ್ತೊಂದು ಸಲ ಹೇಳಿ. ಆಮೇಲೆ ಕೈಗೊಂದು ಕೆಲಸ ಕೊಡಿ: ಪುಸ್ತಕ ಹಂಚುವುದು, ಬೋರ್ಡ್ ಒರೆಸುವುದು. ಎದ್ದು ಓಡಾಡಬೇಕು ಅನ್ನುವ ಮಗುವಿಗೆ ಓಡಾಡುವುದೇ ಜವಾಬ್ದಾರಿಯಾದರೆ ಬೈಗುಳ ತಪ್ಪಿ ಶಹಬ್ಬಾಸ್ ಸಿಗುತ್ತದೆ.

ಹಂತ 4: ಹೇಳುವ ರೀತಿ ಬದಲಿಸಿ

ಕ್ಲಾಸಿನ ಆ ತುದಿಯಿಂದ "ಪುಸ್ತಕ ಮುಚ್ಚು, ಬ್ಯಾಗಿನಲ್ಲಿಡು, ಡಬ್ಬಿ ತಗೊಂಡು ಸಾಲಿನಲ್ಲಿ ನಿಲ್ಲು" ಅಂತ ಕೂಗಿದರೆ ಮಗುವಿಗೆ ಉಳಿಯುವುದು ಕೊನೆಯ ಎರಡು ಪದ. ಅದು ಪುಸ್ತಕ ಬಿಟ್ಟು ಓಡಿಹೋಗಿ ಸಾಲಿನಲ್ಲಿ ನಿಲ್ಲುತ್ತದೆ, ನೀವು "ಮಾತೇ ಕೇಳಲ್ಲ" ಅನ್ನುತ್ತೀರಿ. ನಿಜ ಹೇಳಬೇಕೆಂದರೆ ಅದು ಕೇಳಿದೆ.

ಹೀಗೆ ಮಾಡಿ. ಹತ್ತಿರ ಹೋಗಿ. ಅದರ ಎತ್ತರಕ್ಕೆ ಬಗ್ಗಿ ಅಥವಾ ಕೂತುಕೊಳ್ಳಿ. ಹೆಸರು ಹೇಳಿ, ತಿರುಗಿ ನೋಡುವ ತನಕ ಕಾಯಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು ಅಂತ ಒತ್ತಾಯ ಬೇಡ. ಒಂದೇ ಕೆಲಸ ಹೇಳಿ: "ಪುಸ್ತಕ ಬ್ಯಾಗಿಗೆ ಹಾಕು." ಆಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಹತ್ತು ಎಣಿಸಿ. ಈ ಹತ್ತು ಎಣಿಸುವುದಿದೆಯಲ್ಲ, ಇದೇ ಎಲ್ಲಕ್ಕಿಂತ ಕಷ್ಟ. ಮೂರು ಎಣಿಸುವಷ್ಟರಲ್ಲಿ ಎರಡನೇ ಸಲ ಹೇಳಿಬಿಡುತ್ತೇವೆ, ಮಗುವಿನ ತಲೆಯಲ್ಲಿ ಆಗಷ್ಟೇ ಕೂರುತ್ತಿದ್ದ ಮೊದಲ ಮಾತೂ ಅಳಿಸಿಹೋಗುತ್ತದೆ. ಮಾಡಿದ ಮೇಲೆ ಮುಂದಿನದು ಹೇಳಿ.

"ಪುಸ್ತಕ ಇಡ್ತೀಯಾ ಪುಟ್ಟ?" ಅಂತ ಕೇಳಬೇಡಿ. ಕೇಳಿದರೆ "ಇಲ್ಲ" ಅನ್ನುವ ಹಕ್ಕು ಅದಕ್ಕಿದೆ. ಆಯ್ಕೆ ಕೊಡುವುದಾದರೆ ನಿಜವಾದ ಆಯ್ಕೆ ಕೊಡಿ: "ಮೊದಲು ಕೂಡುವ ಲೆಕ್ಕವೋ, ಕಳೆಯುವ ಲೆಕ್ಕವೋ?" ಹಾಗೆಯೇ "ಓಡಬೇಡ" ಅನ್ನುವುದಕ್ಕಿಂತ "ನಡಿ" ಅನ್ನುವುದು ವಾಸಿ. ಏನು ಮಾಡಬಾರದು ಅಂತ ತಿಳಿದರೂ, ಅದರ ಬದಲಿಗೆ ಏನು ಮಾಡಬೇಕು ಅಂತ ಆ ಗಳಿಗೆಯಲ್ಲಿ ಮಗುವಿಗೆ ಹೊಳೆಯುವುದಿಲ್ಲ.

ಉದ್ದದ ಕೆಲಸವನ್ನು ತುಂಡು ಮಾಡಿ. ಹತ್ತು ಲೆಕ್ಕದ ಹಾಳೆಯನ್ನು ಮಡಿಸಿ ಮೂರು ಮಾತ್ರ ಕಾಣುವ ಹಾಗೆ ಇಡಿ. "ಮೊದಲು ಮೂರು ಲೆಕ್ಕ, ಆಮೇಲೆ ನೀರು ಕುಡಿದು ಬರೋಣ." ಪೆನ್ಸಿಲ್ ಎಸೆಯುತ್ತಿದ್ದ ಆ ಹುಡುಗನಿಗೂ ಇದೇ: ಆರರ ಬದಲು ಎರಡು ಸಾಲು, ಮುಂದೆಯೇ ಇಟ್ಟ ಮಾದರಿ, ರಬ್ಬರ್ ಬದಲು ತಪ್ಪಿನ ಮೇಲೆ ಒಂದು ಗೆರೆ.

ಹಂತ 5: ಸರಿ ಮಾಡಿದ್ದನ್ನು ಹಿಡಿಯಿರಿ

ಈ ಮಗು ದಿನವಿಡೀ ತನ್ನ ಹೆಸರನ್ನು ಬೈಗುಳದ ಜೊತೆಗೇ ಕೇಳಿರುತ್ತದೆ. ನೀವು ಅದನ್ನು ತಿರುಗಿಸಬೇಕು. ಒಂದು ತಿದ್ದುವ ಮಾತಿಗೆ ನಾಲ್ಕೈದಾದರೂ ಮೆಚ್ಚುಗೆ ಇರಲಿ. "ಗುಡ್ ಬಾಯ್" ಸಾಲದು. "ಟೀಚರ್ ಕರೆಯುವ ತನಕ ಕೈ ಎತ್ತಿಕೊಂಡೇ ಇದ್ದೆ, ನೋಡಿದೆ" ಅನ್ನಿ. ಯಾವುದನ್ನು ಮತ್ತೆ ಮಾಡಬೇಕು ಅಂತ ಆಗ ಗೊತ್ತಾಗುತ್ತದೆ. ಕೆಲವು ಮಕ್ಕಳಿಗೆ ಎಲ್ಲರೆದುರು ಹೊಗಳಿದರೆ ಮುಜುಗರ. ಅಂಥವರಿಗೆ ಹೆಬ್ಬೆರಳು ಎತ್ತಿ ತೋರಿಸಿದರೆ ಸಾಕು.

ಸ್ಟಾರ್ ಚಾರ್ಟ್ ಕೆಲಸ ಮಾಡುತ್ತದೆ, ಆದರೆ ಒಂದು ಷರತ್ತು. ಬಹುಮಾನ ಬೇಗ ಬರಬೇಕು. ಶುಕ್ರವಾರ ಸಿಗುವ ಬಹುಮಾನಕ್ಕಾಗಿ ಸೋಮವಾರ ತಡೆದುಕೊಳ್ಳುವುದು ಈ ಮಗುವಿಗೆ ಆಗದ ಮಾತು. ಶುರುವಿನಲ್ಲಿ ಹತ್ತು ನಿಮಿಷಕ್ಕೊಂದು ಟೋಕನ್, ಪಿರಿಯಡ್ ಕೊನೆಗೆ ಅದಕ್ಕೆ ಏನಾದರೂ. ದೊಡ್ಡ ವಸ್ತು ಬೇಕಾಗಿಲ್ಲ. ಬೋರ್ಡ್ ಮೇಲೆ ಬರೆಯುವ ಅವಕಾಶ, ನಿಮ್ಮ ಜೊತೆ ಐದು ನಿಮಿಷದ ಆಟ. ಒಂದೇ ಬಹುಮಾನ ಕೆಲವೇ ದಿನಕ್ಕೆ ಹಳಸುತ್ತದೆ, ಬದಲಿಸುತ್ತಿರಿ. ಕೊಟ್ಟ ಸ್ಟಾರನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬೇಡಿ. ದುಡಿದು ಗಳಿಸಿದ್ದು ಅದರದೇ.

ಆಟದ ಪಿರಿಯಡ್ ಕಸಿದುಕೊಳ್ಳುವ ಶಿಕ್ಷೆಯಂತೂ ಬೇಡವೇ ಬೇಡ. ಓಡಾಟ ಅತಿ ಹೆಚ್ಚು ಬೇಕಾದ ಮಗುವಿಗೆ ಅದನ್ನೇ ತಪ್ಪಿಸಿ ಮಧ್ಯಾಹ್ನ ಸುಮ್ಮನೆ ಕೂರು ಅನ್ನುವುದು ಯಾವ ಲೆಕ್ಕ?

ಗಮನ ಸೆಳೆಯಲು ಮಾಡುವ ಚಿಕ್ಕಪುಟ್ಟ ಗಲಾಟೆಗೆ ಪ್ರತಿಕ್ರಿಯೆ ಕೊಡಬೇಡಿ. ಎಚ್ಚರ, ಹೀಗೆ ಮಾಡಲು ಶುರು ಮಾಡಿದಾಗ ಗಲಾಟೆ ಮೊದಲು ಜಾಸ್ತಿಯಾಗುತ್ತದೆ. ಇದುವರೆಗೆ ಫಲ ಕೊಡುತ್ತಿದ್ದ ಉಪಾಯ ಕೈಕೊಟ್ಟಾಗ ಮಗು ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಆ ಹೊತ್ತಿಗೆ ನೀವು ಸೋತು ತಿರುಗಿ ನೋಡಿದರೆ, ಇಷ್ಟು ಜೋರಾಗಿ ಕೂಗಿದರೆ ಆಗುತ್ತದೆ ಅಂತ ಕಲಿಸಿದ ಹಾಗೆ. ಹಾಗಾಗಿ ಕೊನೆವರೆಗೂ ನಿಭಾಯಿಸಲು ಆಗುವುದನ್ನು ಮಾತ್ರ ಅಲಕ್ಷಿಸಲು ಆರಿಸಿಕೊಳ್ಳಿ.

ಹಂತ 6: ಆ ಒಂದು ನಿಮಿಷ

ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಗುಳ್ಳೆ ಏಳುತ್ತದಲ್ಲ, ಹಾಗೆ ಪ್ರತಿ ಮಗುವಿಗೂ ಅದರದೇ ಒಂದು ಗುರುತು ಇರುತ್ತದೆ. ಒಬ್ಬನಿಗೆ ಕಿವಿ ಕೆಂಪಾಗುತ್ತದೆ. ಇನ್ನೊಬ್ಬಳು ಪೆನ್ಸಿಲ್ ತುದಿ ಮುರಿಯುವಷ್ಟು ಒತ್ತುತ್ತಾಳೆ. ಮತ್ತೊಬ್ಬನ ಮಾತು ಜೋರಾಗುತ್ತದೆ, ಇಲ್ಲವೇ ಇದ್ದಕ್ಕಿದ್ದ ಹಾಗೆ ಮೌನ. ನಿಮ್ಮ ನೋಟ್‌ಬುಕ್‌ನ ಮೊದಲ ಕಾಲಂನಲ್ಲಿ ಇದು ಸಿಗುತ್ತದೆ.

ಗುರುತು ಕಂಡ ಕೂಡಲೇ ಮೂರರಲ್ಲಿ ಒಂದು ಮಾಡಿ. ಕೆಲಸ ಹಗುರ ಮಾಡಿ: "ಇದೊಂದನ್ನು ನಾನು ಬರೆಯುತ್ತೇನೆ, ಮುಂದಿನದು ನೀನು." ಇಲ್ಲವೇ ಮೈಗೆ ಚಲನೆ ಕೊಡಿ: ಪಕ್ಕದ ಕ್ಲಾಸಿಗೆ ಪುಸ್ತಕ ಕೊಟ್ಟು ಬರುವುದು, ಗೋಡೆಯನ್ನು ಎರಡು ಕೈಯಿಂದ ತಳ್ಳುವುದು. ಅಥವಾ ಬಿಡುವು ಕೇಳಲು ನೆನಪಿಸಿ. ಅದಕ್ಕೊಂದು ಕಾರ್ಡ್ ಮೊದಲೇ ಕೊಟ್ಟಿರಿ. ಕಾರ್ಡ್ ಎತ್ತಿದರೆ ಎರಡು ಮೂರು ನಿಮಿಷ ಮೂಲೆಯ ಚಾಪೆಯ ಮೇಲೆ ಕೂರಬಹುದು. ಕೆಲಸ ತಪ್ಪಿಸಿಕೊಳ್ಳಲು ಇದನ್ನೇ ಹಿಡಿದುಕೊಂಡರೆ ಅಂತ ಕೆಲವರು ಕೇಳುತ್ತಾರೆ. ಮೊದಮೊದಲು ಹಿಡಿದುಕೊಳ್ಳುತ್ತದೆ. ಪರವಾಗಿಲ್ಲ, ಎಸೆಯುವ ಬದಲು ಕೇಳಲು ಕಲಿಯಿತು ಅಲ್ವಾ? ಬಿಡುವು ಮುಗಿದ ಮೇಲೆ ಅದೇ ಕೆಲಸಕ್ಕೆ ವಾಪಸ್ ಬರಬೇಕು, ಅಷ್ಟೇ ನಿಯಮ. ಆಮೇಲೆ ದಿನಕ್ಕೆ ಇಷ್ಟು ಕಾರ್ಡ್ ಅಂತ ಮಿತಿ ಹಾಕಬಹುದು.

ಹಂತ 7: ತಡೆಯಲು ಆಗದೇ ಹೋದಾಗ

ಆಗುತ್ತದೆ. ಆಗ ಮಾತು ಕಡಿಮೆ ಮಾಡಿ. ಪೂರ್ತಿ ಕೆರಳಿದ ಮಗುವಿಗೆ ಬುದ್ಧಿ ಹೇಳಿದರೆ ಕಿವಿಗೆ ಇಳಿಯುವುದಿಲ್ಲ. ಪಕ್ಕದ ಮಕ್ಕಳನ್ನು, ಎಸೆಯಬಹುದಾದ ವಸ್ತುಗಳನ್ನು ದೂರ ಮಾಡಿ. ಎದುರಿಗೆ ಅಡ್ಡ ನಿಲ್ಲದೆ ಸ್ವಲ್ಪ ಪಕ್ಕದಲ್ಲಿ, ಕೈಗೆ ಸಿಗದಷ್ಟು ದೂರದಲ್ಲಿ ಇರಿ. ಮೆಲ್ಲಗೆ ಒಂದೇ ವಾಕ್ಯ: "ನಾನಿಲ್ಲೇ ಇದ್ದೇನೆ." ಹೊರಗೆ ಓಡುವ ಅಭ್ಯಾಸ ಇರುವ ಮಗುವಾದರೆ ಬಾಗಿಲ ಕಡೆ ನೀವಿರಿ. ಓಡಿಯೇಬಿಟ್ಟರೆ ಯಾರು ಹಿಂದೆ ಹೋಗಬೇಕು, ಯಾರಿಗೆ ತಿಳಿಸಬೇಕು ಅಂತ ಶಾಲೆಯವರ ಜೊತೆ ಮೊದಲೇ ಬರೆದಿಟ್ಟುಕೊಳ್ಳಿ. ಹಿಂದೆ ಕೂಗುತ್ತಾ ಓಡಿದರೆ ಅದು ಆಟವಾಗುತ್ತದೆ, ಕಣ್ಣಳತೆಯಲ್ಲಿ ಇಟ್ಟುಕೊಂಡು ನಡೆಯಿರಿ. ಮುಂದೆ ರಸ್ತೆಯಂಥ ಅಪಾಯ ಇದ್ದರೆ ಮಾತ್ರ ಓಡಿ ತಲುಪಲೇಬೇಕು. ತರಬೇತಿ ಇಲ್ಲದೆ ಮಗುವನ್ನು ಅಮುಕಿ ಹಿಡಿಯಬೇಡಿ, ಇಬ್ಬರಿಗೂ ಪೆಟ್ಟಾಗುತ್ತದೆ. ಹೊಡೆಯುವ ಮಾತಂತೂ ಇಲ್ಲವೇ ಇಲ್ಲ.

ಶಾಂತವಾದ ಮೇಲೆ ತಕ್ಷಣ ವಿಚಾರಣೆ ಬೇಡ. ನೀರು ಕೊಡಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಚುಟುಕಾಗಿ: ಏನಾಯಿತು, ಮುಂದಿನ ಸಲ ಏನು ಮಾಡಬಹುದು, ಈಗ ಏನು ಸರಿ ಮಾಡಬೇಕು. ಚೆಲ್ಲಿದ್ದನ್ನು ಎತ್ತಿಡಲಿ, ಪೆನ್ಸಿಲ್ ತಾಗಿದ ಹುಡುಗಿಗೆ ನೋವಾಯಿತಾ ಅಂತ ಕೇಳಲಿ. ಬಿಟ್ಟ ಕೆಲಸ ಸ್ವಲ್ಪವಾದರೂ ಮಾಡಲಿ. ಅಲ್ಲಿಗೆ ಮುಗಿಯಿತು, ಸಂಜೆವರೆಗೆ ಅದನ್ನೇ ಎತ್ತಿ ಆಡಬೇಡಿ.

ಹಂತ 8: ಸ್ವಲ್ಪ ಸ್ವಲ್ಪವೇ ದೂರ ಸರಿಯಿರಿ

ಇದನ್ನು ಯಾರೂ ನಿಮಗೆ ಹೇಳುವುದಿಲ್ಲ, ಯಾಕೆಂದರೆ ನೀವು ಪಕ್ಕದಲ್ಲೇ ಅಂಟಿಕೊಂಡಿದ್ದರೆ ಎಲ್ಲರಿಗೂ ನೆಮ್ಮದಿ. ಆದರೆ ಸಹಾಯಕರು ಸದಾ ಪಕ್ಕದಲ್ಲಿದ್ದರೆ ಏನಾಗುತ್ತದೆ ಅಂತ 1997ರಲ್ಲಿ ಅಮೆರಿಕದಲ್ಲಿ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು ಶಾಲೆಗಳಿಗೆ ಹೋಗಿ ನೋಡಿದರು. ವಿಶೇಷ ಅಗತ್ಯದ ಆ ಮಕ್ಕಳು ದೊಡ್ಡವರ ಮೇಲೆ ಅವಲಂಬಿತರಾದರು, ಗೆಳೆಯರಿಂದ ದೂರವಾದರು, ಕ್ಲಾಸ್ ಟೀಚರ್ ಕೂಡ "ಅವರಿದ್ದಾರಲ್ಲ" ಅಂತ ಮಗುವನ್ನು ಬಿಟ್ಟುಬಿಟ್ಟರು.

ಹಾಗಾಗಿ ಮಗುವಿಗೆ ಒಂದು ಕೆಲಸ ಒಗ್ಗಿದ ಮೇಲೆ ನಿಮ್ಮ ಸಹಾಯವನ್ನು ಒಂದು ಮೆಟ್ಟಿಲು ಇಳಿಸಿ. ಕೈಹಿಡಿದು ತೋರಿಸುತ್ತಿದ್ದರೆ ಬಾಯಲ್ಲಿ ಹೇಳಿ. ಬಾಯಲ್ಲಿ ಹೇಳುತ್ತಿದ್ದರೆ ಚಿತ್ರದ ಪಟ್ಟಿ ಕಡೆ ಬೆರಳು ತೋರಿಸಿ. ಬೆರಳು ತೋರಿಸುತ್ತಿದ್ದರೆ ಸುಮ್ಮನೆ ಕಾಯಿರಿ. ಪಕ್ಕದ ಕುರ್ಚಿಯಿಂದ ಹಿಂದಿನ ಕುರ್ಚಿಗೆ, ಅಲ್ಲಿಂದ ಗೋಡೆ ಪಕ್ಕಕ್ಕೆ. ನಡುನಡುವೆ ಬೇರೆ ಮಕ್ಕಳಿಗೂ ಸಹಾಯ ಮಾಡಿ. ಆಗ ನೀವು ಇಡೀ ಕ್ಲಾಸಿನ ಟೀಚರ್, ಆ ಹುಡುಗನ ಕಾವಲುಗಾರ ಅಲ್ಲ. ಆಟದ ಬಯಲಿನಲ್ಲಿ ಮಾತ್ರ ಮರೆಯಲ್ಲಿ ಇರಿ. ನೀವು ಪಕ್ಕದಲ್ಲಿದ್ದರೆ ಮಕ್ಕಳು ಹತ್ತಿರ ಬರುವುದಿಲ್ಲ.

ಅಪ್ಪ ಅಮ್ಮನ ಜೊತೆ, ಮಾತ್ರೆಯ ವಿಷಯ

ಗೇಟಿನ ಹತ್ತಿರ ಬೇರೆ ಪೋಷಕರ ಮುಂದೆ "ಇವತ್ತು ಹೀಗೆ ಮಾಡಿದ" ಅಂತ ಶುರು ಮಾಡಬೇಡಿ. ದೂರು ಕೇಳಿ ಕೇಳಿ ಅವರು ಸೋತಿರುತ್ತಾರೆ. ಟೀಚರ್ ಒಪ್ಪಿದರೆ ದಿನದ ಒಂದು ಚೀಟಿ ಕಳಿಸಿ. ಅದರಲ್ಲಿ ಎರಡೋ ಮೂರೋ ಗುರಿ, ಪ್ರತಿಯೊಂದರ ಮುಂದೆ ಆಯಿತು ಅಥವಾ ಇಲ್ಲ, ಕೊನೆಗೆ ಒಂದು ಒಳ್ಳೆಯ ಸುದ್ದಿ. ಮನೆಯಲ್ಲೂ ಅದಕ್ಕೆ ಚಿಕ್ಕ ಬಹುಮಾನ ಸಿಕ್ಕರೆ ಪರಿಣಾಮ ಇನ್ನೂ ಚೆನ್ನ.

ಮಾತ್ರೆ ಕೊಡಬೇಕೇ ಬೇಡವೇ ಅನ್ನುವುದು ವೈದ್ಯರು ಮತ್ತು ಮನೆಯವರಿಗೆ ಬಿಟ್ಟದ್ದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ಆರು ವರ್ಷ ತುಂಬದ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ. ಪೋಷಕರಿಗೆ ತರಬೇತಿ ಮತ್ತು ಕ್ಲಾಸಿನಲ್ಲಿ ಇಂಥವೇ ನಡವಳಿಕೆಯ ಕ್ರಮಗಳು. ಮಾತ್ರೆ ನಡೆಯುತ್ತಿದ್ದರೆ ನೀವು ಕಂಡದ್ದನ್ನು ತಿಳಿಸಿ, ಸಾಕು. ಊಟ ಸೇರದಿರುವುದು ಮಾಮೂಲಿ. ಮಗು ತುಂಬಾ ಮಂಕಾಗಿದ್ದರೆ, ಸಂಜೆ ಹೊತ್ತಿಗೆ ಸಿಡುಕು ಜಾಸ್ತಿಯಾದರೆ ಅದನ್ನೂ ಹೇಳಿ.

ಕೊನೆಯದಾಗಿ, ನೀವು ರಜೆ ಹಾಕಿದ ದಿನಕ್ಕೆ ಒಂದು ಹಾಳೆ ಬರೆದು ಟೀಚರ್ ಹತ್ತಿರ ಕೊಟ್ಟಿರಿ. ಮಗು ಕೆರಳುವ ಮುಂಚಿನ ಗುರುತು ಯಾವುದು, ಆಗ ಏನು ಮಾಡಿದರೆ ಇಳಿಯುತ್ತದೆ, ಏನು ಮಾಡಿದರೆ ಏರುತ್ತದೆ, ಬಿಡುವಿನ ಕಾರ್ಡ್ ಎಲ್ಲಿದೆ, ಯಾವ ಮಕ್ಕಳ ಪಕ್ಕ ಕೂರಿಸಬಹುದು, ಓಡಿದರೆ ಯಾರಿಗೆ ಹೇಳಬೇಕು. ಮಗುವಿಗೂ ಹಿಂದಿನ ದಿನವೇ ತಿಳಿಸಿ, "ನಾಳೆ ನಾನು ಬರಲ್ಲ, ನಾಡಿದ್ದು ಬರ್ತೀನಿ" ಅಂತ. ಚಿತ್ರದ ಪಟ್ಟಿಯಲ್ಲೂ ಅದನ್ನು ಹಾಕಿ.